ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಯಾನ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶಮಾರ್ಗದ ಕನಿಷ್ಠ ದೂರ ಸುಮಾರು 13,990 ಕಿ.ಮೀ. ಭೂಪಟದಲ್ಲಿ ಈ ದಾರಿ ನೇರ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹಾಯುವಂತೆ ತೋರುತ್ತದೆ. ಗೋಳದ ಮೇಲೆ ದಾರ ಎಳೆದು ಹಿಡಿದರೆ ಅದು ಸೈಬೀರಿಯಾ ದಾಟಿ ಆರ್ಕ್ಟಿಕ್‌ ತೀರದತ್ತ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಬಾಗುತ್ತದೆ. ಇದೇ ಮಹಾವೃತ್ತ ಮಾರ್ಗ. ಗಾಳಿ, ಹವಾಮಾನ, ವಾಯುಪ್ರದೇಶದ ನಿರ್ಬಂಧಗಳನ್ನು ನೋಡಿಕೊಂಡು ನಿಜವಾದ ಹಾರಾಟ ಇದರಿಂದ ಅಷ್ಟಿಷ್ಟು ಸರಿಯುತ್ತದೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಪೈಲಟ್ ತಂಡದಲ್ಲಿ ಇದ್ದವರೆಲ್ಲ ಮಹಿಳೆಯರೇ. ಕ್ಯಾಲೆಂಡರ್ ಎರಡು ದಿನ ಮುಂದಕ್ಕೆ ಹೋದರೂ ಹಾರಾಟ ನಡೆದದ್ದು ಸುಮಾರು 17 ಗಂಟೆ.

ಮಾಯೆಯೆಲ್ಲ ಗಡಿಯಾರದ್ದು. ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ಹದಿಮೂರೂವರೆ ಗಂಟೆ ಅಂತರ. ಅಮೆರಿಕ ಬೇಸಿಗೆ ಸಮಯ ಪಾಲಿಸುವಾಗ ಒಂದು ಗಂಟೆ ಕಡಿಮೆ. ಹಾಗಾಗಿ ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿದಿರುತ್ತಾರೆ.