ಸೋಂಗ್‌ಕೋಲ್: ಕುದುರೆಯ ದಾರಿ, ಕುರಿಗಾಹಿಯ ಬೀಡು

ಮಧ್ಯ ಏಷ್ಯಾದ ಕಿರ್ಗಿಸ್ತಾನದ ನರಿನ್ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ 3,016 ಮೀಟರ್ ಎತ್ತರದಲ್ಲಿರುವ ಸರೋವರ ಸೋಂಗ್‌ಕೋಲ್. ಇದರ ದಡದಲ್ಲಿ ವರ್ಷವಿಡೀ ಜನ ನೆಲೆಸುವ ಊರು ಒಂದೂ ಇಲ್ಲ. ಜೂನ್ ತಿಂಗಳಲ್ಲಿ ಹಿಮ ಕರಗಿ ಹುಲ್ಲು ಚಿಗುರಿದಾಗ ಕೆಳಗಿನ ಹಳ್ಳಿಗಳ ಕುಟುಂಬಗಳು ಕುರಿ, ದನ, ಕುದುರೆಗಳೊಡನೆ ಏರಿಬಂದು ಬೀಡುಬಿಡುತ್ತವೆ. ಇಂತಹ ಬೇಸಿಗೆಯ ಹುಲ್ಲುಗಾವಲಿಗೆ ಕಿರ್ಗಿಜ್ ಭಾಷೆಯಲ್ಲಿ ಜೈಲೋ ಎಂದು ಹೆಸರು. ಕುದುರೆಯೇರಿ ಇಲ್ಲಿಗೆ ಬಂದು ಕುರಿಗಾಹಿಗಳೊಡನೆ ತಂಗುವ ಪ್ರವಾಸವು ಇಂದು ಆ ದೇಶದಾಚೆಗೂ ಹೆಸರಾಗಿದೆ.

ಈ ಆತಿಥ್ಯದ ಹಿಂದೆ ಒಂದು ಸಂಕಷ್ಟದ ಚರಿತ್ರೆಯಿದೆ. ಸೋವಿಯತ್ ಆಡಳಿತವು ಅಲೆಮಾರಿ ಪಶುಪಾಲಕರನ್ನು ಸಾಮೂಹಿಕ ಕೃಷಿಕ್ಷೇತ್ರಗಳಲ್ಲಿ ನೆಲೆಗೊಳಿಸಿತ್ತು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಆ ಕ್ಷೇತ್ರಗಳೂ ಕುಸಿದವು. ಸುಮಾರು ಒಂದು ಕೋಟಿಯಷ್ಟಿದ್ದ ಕುರಿಗಳು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆಯಾದವು. ಹತ್ತಿಪ್ಪತ್ತು ಕುರಿಗಳುಳ್ಳ ಮನೆಗೆ ದೂರದ ಜೈಲೋಗೆ ಸಾಮಾನು ಸಾಗಿಸುವ ಲಾರಿಯ ಬಾಡಿಗೆಯೇ ಹೊರೆ. ಹೀಗಾಗಿ ಹಳ್ಳಿಯ ಸುತ್ತಲಿನ ನೆಲವು ಅತಿಯಾಗಿ ಮೇಯಲ್ಪಟ್ಟು ಬರಡಾಗತೊಡಗಿತು, ಎತ್ತರದ ಹುಲ್ಲು ಮೇಯುವವರಿಲ್ಲದೆ ಉಳಿಯಿತು. ಅತಿಥಿಗಳಿಂದ ಬರುವ ಹಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು ಮೇಲಾದಾಯ ಮಾತ್ರವಲ್ಲ, ಮತ್ತೆ ಬೆಟ್ಟವೇರಲು ಬೇಕಾದ ದಾರಿಖರ್ಚೂ ಹೌದು.

ಸ್ವಿಟ್ಜರ್ಲೆಂಡಿನ ಹೆಲ್ವೆಟಾಸ್ ಸಂಸ್ಥೆಯ ನೆರವಿನಿಂದ 2000ದಲ್ಲಿ ಕೊಚ್‌ಕೋರ್ ಎಂಬ ಹಳ್ಳಿಯಲ್ಲಿ ಇದಕ್ಕೊಂದು ವ್ಯವಸ್ಥೆ ರೂಪುಗೊಂಡಿತು. 2003ರಲ್ಲಿ ಅಂತಹ ಗುಂಪುಗಳ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಪ್ರವಾಸಿಗನು ಮೊದಲು ಹಳ್ಳಿಯ ಕಚೇರಿಗೆ ಹೋಗುತ್ತಾನೆ. ಮನೆ, ಕುದುರೆ, ಮಾರ್ಗದರ್ಶಿ ಮೂರೂ ಅಲ್ಲಿಯೇ ನಿಗದಿಯಾಗುತ್ತವೆ. ಕಚೇರಿ ತನ್ನ ಪಾಲನ್ನಷ್ಟೇ ಉಳಿಸಿಕೊಂಡು ಹೆಚ್ಚಿನ ಹಣವನ್ನು ಮನೆಯವರಿಗೆ ಕೊಡುತ್ತದೆ. ಪ್ರವಾಸಿಗರಿಗೆಂದೇ ಸಾಲಾಗಿ ಹಾಕಿದ ಡೇರೆಗಳೂ ಈಗ ಸರೋವರದ ಬಳಿ ಇವೆ. ಮಂದೆಯಿರುವ ಮನೆಯನ್ನೇ ಆರಿಸಿಕೊಳ್ಳುವುದು ಲೇಸು.

ಕಿಜಾರ್ಟ್ ಹಳ್ಳಿಯಿಂದ ಕಣಿವೆಗಳನ್ನು ದಾಟಿ ಸರೋವರ ತಲುಪಲು ಸಾಮಾನ್ಯವಾಗಿ ಎರಡು ದಿನ ಬೇಕು. ಇಲ್ಲಿನ ಕುದುರೆಗಳು ಗಾತ್ರದಲ್ಲಿ ಚಿಕ್ಕವು, ಕಲ್ಲುದಾರಿಯಲ್ಲಿ ಹೆಜ್ಜೆ ತಪ್ಪದವು. ಹೊಸಬರು ಲಗಾಮನ್ನು ಬಿಗಿಹಿಡಿಯುವುದಕ್ಕಿಂತ ಕುದುರೆಯ ಕಾಲನ್ನು ನಂಬುವುದೇ ಮೇಲು. ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯಬೇಕು. ಜುಲೈಯಲ್ಲಿಯೂ ರಾತ್ರಿ ಕೊರೆಯುವ ಚಳಿ, ಒಮ್ಮೊಮ್ಮೆ ಹಿಮವೂ ಬೀಳುತ್ತದೆ. ಎತ್ತರದಿಂದ ತಲೆನೋವು, ಓಕರಿಕೆ ಬರಬಹುದು. ಅವು ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು.

ಬೋಜ್‌ಉಯ್ ಎಂಬ ದುಂಡನೆಯ ಡೇರೆಯ ಗೋಡೆ ಮರದ ಜಾಲರಿಯದು, ಹೊದಿಕೆ ಉಣ್ಣೆಯದು. ಜತ್ತ, ರಾಯದುರ್ಗದ ಕಡೆಯವರು ಬಲ್ಲ ಕಂಬಳಿಯಂತೆ ಇದನ್ನು ಮಗ್ಗದಲ್ಲಿ ನೇಯುವುದಿಲ್ಲ. ಉಣ್ಣೆಯನ್ನು ಹರಡಿ, ಬಿಸಿನೀರು ಚಿಮುಕಿಸಿ, ಸುರುಳಿ ಸುತ್ತಿ ತುಳಿತುಳಿದು ಗಟ್ಟಿಮಾಡುತ್ತಾರೆ. ನೆತ್ತಿಯ ಮರದ ಬಳೆ ತುಂಡುಕ್. ಬೆಳಕು ಒಳಬರುವುದೂ ಹೊಗೆ ಹೊರಹೋಗುವುದೂ ಅಲ್ಲಿಂದಲೇ. ದೇಶದ ಧ್ವಜದ ನಡುವೆ, 40 ಕಿರಣಗಳ ಸೂರ್ಯನೊಳಗೆ ಇರುವ ಚಿತ್ರವೂ ಅದರದೇ. ಬಾಗಿಲಿಗೆ ಎದುರಾದ ಹಿಂಬದಿಯ ಜಾಗಕ್ಕೆ ತೋರ್ ಎನ್ನುತ್ತಾರೆ, ಅದು ಅತಿಥಿಯ ಪೀಠ.

ಕುಳಿತೊಡನೆ ಚಹಾ, ರೊಟ್ಟಿ, ಕೆನೆ ಬರುತ್ತವೆ. ಬಳಿಕ ಹೆಣ್ಣುಕುದುರೆಯ ಹಾಲನ್ನು ಹುದುಗಿಸಿದ ಕಿಮಿಜ್. ಹುಳಿಯಾದ ಈ ಪಾನೀಯದಲ್ಲಿ ತುಸು ಮದ್ಯಾಂಶವಿದೆಯೆಂಬುದನ್ನು ಮಕ್ಕಳೊಡನೆ ಹೋಗುವವರು ತಿಳಿದಿರಬೇಕು. ಮರಿಯನ್ನು ಹತ್ತಿರ ಕಟ್ಟಿದ್ದರೆ ಮಾತ್ರ ತಾಯಿಕುದುರೆ ಹಾಲುಬಿಡುತ್ತದೆ, ಅದೂ ಒಮ್ಮೆಗೆ ಸ್ವಲ್ಪವೇ. ಆದಕಾರಣ ಹಗಲಿನಲ್ಲಿ ಹಲವು ಬಾರಿ ಕರೆಯಬೇಕು.

ರಷ್ಯನ್ ಅಲ್ಲಿ ಇಂದಿಗೂ ಅಧಿಕೃತ ಭಾಷೆಗಳಲ್ಲೊಂದು, ನಗರದಲ್ಲಿ ಅದರದೇ ಹೆಚ್ಚಿನ ಬಳಕೆ. ಜೈಲೋದಲ್ಲಿ ಮಾತ್ರ ಕುದುರೆಯ ಬಣ್ಣ, ವಯಸ್ಸು, ನಡಿಗೆಗೆಲ್ಲ ಕಿರ್ಗಿಜ್ ಪದಗಳೇ ಬೇಕು. ರಜೆಗೆಂದು ಮೇಲೆ ಬಂದ ಮಕ್ಕಳು ಅವುಗಳನ್ನು ಕೆಲಸದ ನಡುವೆಯೇ ಕಲಿಯುತ್ತಾರೆ. ಆಗಸ್ಟ್ ಕೊನೆಗೆ ಶಾಲೆಗಾಗಿ ಅವರು ಕೆಳಗಿಳಿಯುತ್ತಾರೆ. ಹಿರಿಯರು ಇನ್ನೂ ಕೆಲವು ವಾರ ಮಂದೆಯೊಡನೆ ಉಳಿದು, ಹಿಮ ಬೀಳುವ ಮುನ್ನ ಡೇರೆ ಬಿಚ್ಚುತ್ತಾರೆ.