ದಗ್ಧವ್ರಣ ಮತ್ತು ತಣ್ಣೀರು: ಪ್ರಥಮೋಪಚಾರದ ಚರಿತ್ರೆಯಲ್ಲೊಂದು ವಿವಾದ

ಸುಟ್ಟಗಾಯವನ್ನು ಗುರುತಿಸುವ ವಿದ್ಯೆಯೂ ಅದಕ್ಕೆ ಮೊದಲ ಗಳಿಗೆಯಲ್ಲಿ ಮಾಡಬೇಕಾದ ಉಪಚಾರವೂ ಜೊತೆಜೊತೆಯಾಗಿ ಬೆಳೆದುಬಂದಿರಬೇಕೆಂದು ಭಾವಿಸುವುದು ಸಹಜ. ವೈದ್ಯಗ್ರಂಥಗಳ ಸಾಕ್ಷ್ಯವು ಬೇರೆಯದನ್ನೇ ಹೇಳುತ್ತದೆ. ಗಾಯದ ಆಳವನ್ನು ಕಣ್ಣಿನಿಂದಲೇ ಅಳೆಯುವ ಕೌಶಲವನ್ನು ಪ್ರಾಚೀನರು ಬಹು ಹಿಂದೆಯೇ ಸಾಧಿಸಿದ್ದರು. ಆದರೆ ಸುಟ್ಟ ಭಾಗಕ್ಕೆ ತಣ್ಣೀರು ಹಾಕಬೇಕೇ, ಹಾಕಬಾರದೇ ಎಂಬ ಸರಳ ಪ್ರಶ್ನೆ 20ನೆಯ ಶತಮಾನದವರೆಗೂ ಇತ್ಯರ್ಥವಾಗದೆ ಉಳಿಯಿತು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದ ಮುಖ್ಯ ವಿಷಯ ಅಗ್ನಿಕರ್ಮ, ಅಂದರೆ ಚಿಕಿತ್ಸೆಗಾಗಿ ವೈದ್ಯನೇ ದೇಹವನ್ನು ಸುಡುವ ವಿಧಾನ. ಆಕಸ್ಮಿಕವಾಗಿ ಬೆಂಕಿ ತಗುಲಿದವರ ಪ್ರಸ್ತಾಪವು ಅದರ ಮುಂದುವರಿಕೆಯಾಗಿ ಬರುತ್ತದೆ. ಅಲ್ಲಿ ಗಾಯಗಳು ನಾಲ್ಕು ಬಗೆ: ಚರ್ಮದ ಬಣ್ಣಗೆಡಿಸಿ ಕಮರಿಸುವ ಪ್ಲುಷ್ಟ; ಬೊಬ್ಬೆಗಳೆದ್ದು ತೀವ್ರ ಉರಿ, ಕೆಂಪು, ನೋವುಗಳಿಂದ ಕೂಡಿ ಬೇಗನೆ ಶಮನವಾಗದ ದುರ್ದಗ್ಧ; ಹೆಚ್ಚು ಆಳಕ್ಕಿಳಿಯದೆ ತಾಳೆಹಣ್ಣಿನ ಬಣ್ಣ ತಳೆಯುವ ಸಮ್ಯಗ್ದಗ್ಧ; ಮಾಂಸ ಜೋತುಬಿದ್ದು ಸಿರೆ, ಸ್ನಾಯು, ಸಂಧಿ, ಅಸ್ಥಿಗಳವರೆಗೂ ಹಾನಿ ತಲುಪುವ ಅತಿದಗ್ಧ. ‘ಸಮ್ಯಕ್’ ಎಂಬ ವಿಶೇಷಣವೇ ಈ ವರ್ಗೀಕರಣದ ಮೂಲವನ್ನು ಸೂಚಿಸುತ್ತದೆ. ಸರಿಯಾಗಿ ಸುಡುವುದೆಂದರೇನೆಂದು ಬಲ್ಲ ಶಸ್ತ್ರವೈದ್ಯನ ಅಳತೆಗೋಲೇ ಅಪಘಾತದ ಗಾಯಕ್ಕೂ ಅನ್ವಯವಾಗಿದೆ.

ಅತಿದಗ್ಧದ ಲಕ್ಷಣಗಳಲ್ಲಿ ಜ್ವರ, ದಾಹಗಳ ಜೊತೆಗೆ ಬಾಯಾರಿಕೆ ಮತ್ತು ಮೂರ್ಛೆ ಸೇರಿರುವುದು ವಿಶೇಷ ಗಮನಕ್ಕೆ ಅರ್ಹವಾದುದು. ಗಾಯವು ಚರ್ಮದ್ದಷ್ಟೇ ಅಲ್ಲ, ಇಡೀ ದೇಹದ್ದು ಎಂಬ ಅರಿವು ಇಲ್ಲಿದೆ. ಕಾದ ಎಣ್ಣೆ, ತುಪ್ಪಗಳು ಸೂಕ್ಷ್ಮ ಸಿರೆಗಳನ್ನು ಅನುಸರಿಸಿ ಒಳಹೊಕ್ಕು ಹೆಚ್ಚು ನೋವುಂಟುಮಾಡುತ್ತವೆ ಎಂಬ ಮಾತೂ ಅಲ್ಲಿದೆ. ಕಾರಣದ ವಿವರಣೆ ಇಂದು ಒಪ್ಪತಕ್ಕದ್ದಲ್ಲ. ಎಣ್ಣೆಯು ನೀರಿಗಿಂತ ಬಹಳ ಹೆಚ್ಚು ಕಾಯುತ್ತದೆ, ಮೈಗೆ ಅಂಟಿ ನಿಲ್ಲುತ್ತದೆ ಎಂಬುದು ಕಾರಣ. ಅವಲೋಕನ ಮಾತ್ರ ಅಡುಗೆಮನೆಯ ಅನುಭವಕ್ಕೆ ಒಪ್ಪುವಂಥದೇ. ಅದೇ ಅಧ್ಯಾಯವು ಹೊಗೆ ಕುಡಿದವನನ್ನು ‘ಧೂಮೋಪಹತ’ನೆಂದು ಪ್ರತ್ಯೇಕವಾಗಿ ಗುರುತಿಸಿ ಉಸಿರಾಟದ ಕಷ್ಟ, ಕೆಮ್ಮು, ಕಣ್ಣುರಿ, ವಾಸನೆ ತಿಳಿಯದಿರುವುದು ಮುಂತಾದ ಚಿಹ್ನೆಗಳನ್ನು ಹೇಳುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಸತ್ತಾಗ ಜನರನ್ನು ಕಂಗೆಡಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ ಎಂಬುದನ್ನು ನೆನೆದರೆ ಈ ವಿಂಗಡಣೆಯ ಬೆಲೆ ತಿಳಿಯುತ್ತದೆ.

ಉಪಚಾರದ ಭಾಗ ಇಷ್ಟು ನಿರಾಯಾಸವಾಗಿ ಒಪ್ಪುವಂಥದಲ್ಲ. ಪ್ಲುಷ್ಟಕ್ಕೆ ಬೆಂಕಿಯ ಶಾಖವನ್ನೂ ಉಷ್ಣೌಷಧವನ್ನೂ ವಿಧಿಸಿ, ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುವುದೆಂಬ ಕಾರಣದಿಂದ ಅದನ್ನು ಸ್ಪಷ್ಟವಾಗಿ ನಿಷೇಧಿಸಲಾಗಿದೆ. ದುರ್ದಗ್ಧದಲ್ಲಿ ಶೀತ, ಉಷ್ಣ ಎರಡೂ ಕ್ರಿಯೆಗಳು ಬರುತ್ತವೆ. ಅತಿದಗ್ಧದಲ್ಲಿ ಸಡಿಲವಾದ ಮಾಂಸವನ್ನು ತೆಗೆದು ಶೀತಕ್ರಿಯೆ ಮಾಡಬೇಕೆಂದಿದೆ. ನಮ್ಮವರು ಎಲ್ಲವನ್ನೂ ಮೊದಲೇ ಬಲ್ಲವರಾಗಿದ್ದರೆಂದು ಸಾಧಿಸಹೊರಟ ಬರಹಗಳು ನಾಲ್ಕು ದಗ್ಧಗಳನ್ನು ಹೆಮ್ಮೆಯಿಂದ ಎತ್ತಿ ಹೇಳಿ ಈ ನಿಷೇಧವನ್ನು ದಾಟಿ ಹೋಗುತ್ತವೆ. ಇದು ಗ್ರಂಥಕ್ಕೆ ಮಾಡುವ ಗೌರವವಲ್ಲ.

ಈ ತೊಡಕು ಭಾರತದ್ದು ಮಾತ್ರವೂ ಅಲ್ಲ. ಪರ್ಷಿಯಾದ ಅಲ್-ರಾಝಿಯು ತಣ್ಣೀರನ್ನು ಸೂಚಿಸಿದ್ದರೂ ಆ ಮಾತು ಸರ್ವಮಾನ್ಯವಾಗಲಿಲ್ಲ. 1607ರಲ್ಲಿ ಫ್ಯಾಬ್ರಿಷಿಯಸ್ ಹಿಲ್ಡಾನಸ್ ಎಂಬ ಶಸ್ತ್ರವೈದ್ಯನು ಸುಟ್ಟಗಾಯಗಳನ್ನೇ ಕುರಿತ ಗ್ರಂಥದಲ್ಲಿ ಅವುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದನು; 1832ರ ಹೊತ್ತಿಗೆ ಪ್ಯಾರಿಸ್ಸಿನ ಡುಪ್ಯುಟ್ರೆನ್ ಅವನ್ನು ಆರಕ್ಕೆ ಏರಿಸಿದನು. ದರ್ಜೆಗಳು ಹೀಗೆ ಸೂಕ್ಷ್ಮವಾಗುತ್ತಿದ್ದಾಗಲೇ, 1797ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಕೆಂಟಿಷ್ ಗಣಿ ಕಾರ್ಮಿಕರ ಗಾಯಗಳಿಗೆ ಟರ್ಪೆಂಟೈನಿನಂಥ ಉತ್ತೇಜಕಗಳನ್ನು ಹಚ್ಚಬೇಕೆಂದು ವಾದಿಸಿದನು. ಎರಡೇ ವರ್ಷಗಳಲ್ಲಿ, 1799ರಲ್ಲಿ, ಜೇಮ್ಸ್ ಅರ್ಲ್ ಶೈತ್ಯವೇ ಮದ್ದೆಂದು ಪ್ರತಿಪಾದಿಸಿದನು. ಉಷ್ಣಕ್ಕೆ ಉಷ್ಣವೋ ಶೀತವೋ ಎಂಬ ಅದೇ ಹಳೆಯ ತರ್ಕ ಇಲ್ಲಿಯೂ ಮರುಕಳಿಸಿದೆ.

ಅನಂತರದ ಪ್ರಗತಿಯಲ್ಲಿ ದೊಡ್ಡ ಅಗ್ನಿದುರಂತಗಳ ಪಾತ್ರ ಹಿರಿದು. 1921ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ರಂಗಮಂದಿರವೊಂದಕ್ಕೆ ಬೆಂಕಿ ಬಿದ್ದಾಗ ಗಾಯಾಳುಗಳ ರಕ್ತವನ್ನು ಪರೀಕ್ಷಿಸಿದ ಫ್ರಾಂಕ್ ಅಂಡರ್‌ಹಿಲ್, ದೇಹದ ದ್ರವಾಂಶ ಸೋರಿ ರಕ್ತ ಮಂದವಾಗುವುದನ್ನು ಕಂಡನು. ಸಂಹಿತೆಯ ಬಾಯಾರಿಕೆ, ಮೂರ್ಛೆಗಳಿಗೆ ಇಲ್ಲಿ ಕಾರಣ ದೊರೆಯಿತೆನ್ನಬಹುದು. 1925ರಿಂದ ಟ್ಯಾನಿಕ್ ಆಮ್ಲವನ್ನು ಹಚ್ಚಿ ಗಾಯವನ್ನು ತೊಗಲಿನಂತೆ ಗಟ್ಟಿಗೊಳಿಸುವ ಕ್ರಮ ಪ್ರಚಾರಕ್ಕೆ ಬಂದಿತು. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕೋನಟ್ ಗ್ರೋವ್ ದುರಂತದಲ್ಲಿ 492 ಮಂದಿ ಮಡಿದರು. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಆ ಆಮ್ಲವನ್ನು ಬಿಟ್ಟು ಸೌಮ್ಯ ಮುಲಾಮಿನ ಬಟ್ಟೆಪಟ್ಟಿಯನ್ನೂ ರಕ್ತನಾಳದ ಮೂಲಕ ದ್ರವಪೂರಣವನ್ನೂ ಅವಲಂಬಿಸಿದರು. ಸುಟ್ಟ ವಿಸ್ತಾರವನ್ನು ಬೇಗನೆ ಅಂದಾಜಿಸಲು 1951ರಲ್ಲಿ ಅಲೆಕ್ಸಾಂಡರ್ ವ್ಯಾಲೇಸ್ ‘ಒಂಬತ್ತರ ಸೂತ್ರ’ವನ್ನು ಪ್ರಕಟಿಸಿದನು: ವಯಸ್ಕರಲ್ಲಿ ತಲೆ ಶೇಕಡ 9, ಒಂದೊಂದು ತೋಳು 9, ಒಂದೊಂದು ಕಾಲು 18, ಮುಂಡದ ಮುಂಭಾಗ 18, ಹಿಂಭಾಗ 18, ಜನನಾಂಗದ ಭಾಗ 1. ಮಕ್ಕಳ ತಲೆ ದೇಹದ ಪ್ರಮಾಣಕ್ಕೆ ದೊಡ್ಡದಾದುದರಿಂದ ಈ ಲೆಕ್ಕ ಅವರಿಗೆ ನೇರವಾಗಿ ಸಲ್ಲದು.

ತಣ್ಣೀರಿನ ಪ್ರಶ್ನೆಗೆ ಪ್ರಯೋಗದ ಆಧಾರ ದೊರೆತದ್ದು ಇದಕ್ಕೂ ಈಚೆಗೆ, 1950ರ ದಶಕದ ಕೊನೆಯಲ್ಲಿ ಐಸ್‌ಲೆಂಡಿನ ಆಫೀಗ್ಸನ್ ನಡೆಸಿದ ಅಧ್ಯಯನಗಳಿಂದ. ಹರಿಯುವ ತಂಪು ನೀರಿನಲ್ಲಿ ಸುಮಾರು 20 ನಿಮಿಷ ಗಾಯವನ್ನು ಹಿಡಿಯುವುದು, ಉಂಗುರ ಬಳೆಗಳನ್ನು ಊತ ಬರುವ ಮುನ್ನವೇ ತೆಗೆಯುವುದು, ಮೈಯ ಉಳಿದ ಭಾಗವನ್ನು ಬೆಚ್ಚಗಿಟ್ಟು ಗಾಯವನ್ನು ಶುಭ್ರ ಬಟ್ಟೆಯಿಂದ ಮುಚ್ಚುವುದು ಇಂದಿನ ಕ್ರಮ. ತಕ್ಷಣ ಆಗದಿದ್ದರೆ 3 ಗಂಟೆಯೊಳಗೆ ನೀರು ಹಾಕಿದರೂ ಪ್ರಯೋಜನವುಂಟು. ಮಂಜುಗಡ್ಡೆ ಮಾತ್ರ ಸಲ್ಲದು. ಆಳವಾದ ಗಾಯದಲ್ಲಿ ನರಾಗ್ರಗಳೇ ಸುಟ್ಟು ನೋವು ಕಡಿಮೆಯಿರುತ್ತದೆ. ನೋವಿಲ್ಲವೆಂದು ಸಮಾಧಾನಪಟ್ಟು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಪ್ರಾಣಕ್ಕೇ ಅಪಾಯ.

ನೀರು ತಗುಲಿದರೆ ಬೊಬ್ಬೆ ಏಳುತ್ತದೆ ಎಂಬ ಭಯವು ಕನ್ನಡನಾಡಿನ ಮನೆಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ನೀರಿನ ಬದಲು ಶಾಯಿ, ದೋಸೆಹಿಟ್ಟು, ಅರಿಸಿನ, ಹಲ್ಲುಜ್ಜುವ ಪೇಸ್ಟುಗಳನ್ನು ಬಳಿಯುವುದುಂಟು. ಇವು ಕಾವನ್ನು ಇಳಿಸುವುದಿಲ್ಲವೆಂಬುದು ಒಂದು ದೋಷ. ಚರ್ಮದ ಬಣ್ಣ, ಬೊಬ್ಬೆ, ತೇವಗಳನ್ನು ನೋಡಿ ಆಳವನ್ನು ನಿರ್ಣಯಿಸಬೇಕಾದ ವೈದ್ಯನ ಕಣ್ಣಿಗೆ ಇವು ತೆರೆಯಾಗುತ್ತವೆಂಬುದು ಇನ್ನೊಂದು. ಬಳಿದುದನ್ನು ತೊಳೆದು ತೆಗೆದ ಮೇಲೆಯೇ ಆತ ಗಾಯವನ್ನು ನೋಡಬೇಕಾಗುತ್ತದೆ.