ಗೇಮಿಂಗ್ ಪಿಸಿ ಕಟ್ಟುವ ಮುಂಚೆ ನಲವತ್ತು ವರ್ಷದ ಲೆಕ್ಕ

ಬೈಕ್ ಕೊಡಿಸಿ ಎಂದು ಮನೆಯಲ್ಲಿ ಹಟ ಹಿಡಿಯುವ ವಯಸ್ಸಿನ ಹುಡುಗರು ಈಗ ಗೇಮಿಂಗ್ ಪಿಸಿ ಕೇಳುತ್ತಿದ್ದಾರೆ. ಮೊಬೈಲಿನಲ್ಲಿ ಆಡಿ ಕೈ ಪಳಗಿದವರು. ನಲವತ್ತು ಐವತ್ತು ಸಾವಿರ ಹೊಂದಿಸಿಕೊಂಡಿರುತ್ತಾರೆ. ಅದರಲ್ಲಿ ರಜೆಯಲ್ಲಿ ದುಡಿದದ್ದು ಸ್ವಲ್ಪ, ಅಮ್ಮನ ಡೇರಿ ಬಿಲ್ಲಿನದು ಸ್ವಲ್ಪ. ಅಷ್ಟರಲ್ಲಿ ಆನ್‌ಲೈನಿನಲ್ಲಿ ‘ಐ7, 16 ಜಿಬಿ, ಗೇಮಿಂಗ್ ಪಿಸಿ’ ಎಂದು ಬಣ್ಣದ ದೀಪ ಹಾಕಿದ ಡಬ್ಬಿ ಅದರ ಅರ್ಧ ದುಡ್ಡಿಗೇ ಕಣ್ಣಿಗೆ ಬೀಳುತ್ತದೆ. ತಗೊಳ್ಳಬಹುದಾ ಎಂದು ನಮಗೆ ಫೋನು.

ಬೇಡ ಅಂದುಬಿಡುವುದು ಸುಲಭ. ಯಾಕೆ ಬೇಡ, ಹಾಗಾದರೆ ಯಾವುದು ಬೇಕು ಎನ್ನುವುದನ್ನು ತಿಳಿಯಲು ಈ ಬಿಡಿಭಾಗಗಳ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಅದಕ್ಕೇ ಈ ಬರಹ.

ಟಿವಿಯನ್ನು ಯಾರೂ ಬಿಡಿಭಾಗ ತಂದು ಮನೆಯಲ್ಲಿ ಜೋಡಿಸುವುದಿಲ್ಲ. ಮೊಬೈಲನ್ನೂ ಇಲ್ಲ. ಕಂಪ್ಯೂಟರನ್ನು ಮಾತ್ರ ಒಂದು ಕಂಪನಿಯ ಪ್ರೊಸೆಸರ್, ಇನ್ನೊಂದರ ಮದರ್‌ಬೋರ್ಡ್, ಮತ್ತೊಂದರ ಮೆಮೊರಿ ತಂದು ಒಂದೇ ಸ್ಕ್ರೂಡ್ರೈವರಿನಲ್ಲಿ ಕಟ್ಟಿ ಮುಗಿಸಬಹುದು. ಈ ಸೌಕರ್ಯವನ್ನು ಯಾರೂ ನಮಗೆಂದು ಯೋಚಿಸಿ ಕೊಟ್ಟದ್ದಲ್ಲ. ಅಮೆರಿಕದ ಒಂದು ದೊಡ್ಡ ಕಂಪನಿಯ ಅವಸರದಿಂದ ಅದು ಹುಟ್ಟಿತು.

ಆ ಕಂಪನಿ ಐಬಿಎಂ. ದೊಡ್ಡ ದೊಡ್ಡ ಕಚೇರಿಗಳಿಗೆ ಕೋಣೆ ತುಂಬುವ ಕಂಪ್ಯೂಟರ್ ಮಾರುತ್ತಿದ್ದವರಿಗೆ ಮನೆ ಮೇಜಿನ ಮೇಲಿನ ಪುಟ್ಟ ಕಂಪ್ಯೂಟರುಗಳ ಪೇಟೆ ಕೈತಪ್ಪುತ್ತಿದೆ ಅನ್ನಿಸಿತು. ಫ್ಲಾರಿಡಾದ ಬೊಕಾ ರಾಟನ್ ಎಂಬ ಊರಿನಲ್ಲಿ ಡಾನ್ ಎಸ್ಟ್ರಿಡ್ಜ್ ಎಂಬುವರ ಕೈಕೆಳಗೆ ಒಂದು ಸಣ್ಣ ತಂಡ ಕೂತಿತು. ಕೈಯಲ್ಲಿದ್ದದ್ದು ಸುಮಾರು ಒಂದು ವರ್ಷ. ಎಲ್ಲವನ್ನೂ ತಾವೇ ಮಾಡಿಕೊಳ್ಳುವುದು ಐಬಿಎಂ ಪದ್ಧತಿ. ಈ ಸಲ ಅದಕ್ಕೆ ಪುರುಸೊತ್ತಿರಲಿಲ್ಲ. ಪ್ರೊಸೆಸರನ್ನು ಇಂಟೆಲ್‌ನಿಂದ, ತಂತ್ರಾಂಶವನ್ನು ಮೈಕ್ರೋಸಾಫ್ಟ್‌ನಿಂದ ತಂದು ಜೋಡಿಸಿದರು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ತೀರಾ ಬರೀ ಮೈಯ ಮಾದರಿಗೆ 1,565 ಡಾಲರ್. ಆ ಬೆಲೆಗೆ ಪರದೆ ಬರುತ್ತಿರಲಿಲ್ಲ, ಮನೆಯ ಟಿವಿಗೇ ಜೋಡಿಸಿಕೊಳ್ಳಬಹುದು ಎಂದು ಕಂಪನಿಯೇ ಹೇಳಿತ್ತು. ಮಾನಿಟರಿಗೆ ದುಡ್ಡು ಸಾಲದೆ ಹಾಲ್‌ನ ಟಿವಿಗೆ ವೈರ್ ಎಳೆಯುವ ನಮ್ಮ ಹುಡುಗರು ನಾಚಿಕೊಳ್ಳಬೇಕಾದ್ದಿಲ್ಲ.

ಆ ಪೆಟ್ಟಿಗೆಯೊಳಗೆ ಹೊರಗಿನ ಕಾರ್ಡುಗಳನ್ನು ಸಿಕ್ಕಿಸಲು ಐದು ಸ್ಲಾಟುಗಳಿದ್ದವು. ಬೇರೆಯವರೂ ಕಾರ್ಡು ಮಾಡಲಿ ಎಂದು ಐಬಿಎಂ ತನ್ನ ಸರ್ಕ್ಯೂಟ್ ನಕ್ಷೆಗಳನ್ನೇ ಪುಸ್ತಕ ಮಾಡಿ ಮಾರಿತು. ತನ್ನದೆಂದು ಗಟ್ಟಿಯಾಗಿ ಉಳಿಸಿಕೊಂಡದ್ದು ಬಯಾಸ್ ಎಂಬ ಚಿಕ್ಕ ತಂತ್ರಾಂಶವನ್ನು. ಯಂತ್ರ ಆನ್ ಆದ ತಕ್ಷಣ ಎಲ್ಲ ಭಾಗಗಳನ್ನು ಎಬ್ಬಿಸುವುದು ಅದೇ. ಅದನ್ನು ನಕಲು ಮಾಡಿದರೆ ಕೋರ್ಟು.

ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ 1982ರಲ್ಲಿ ಕೆಲಸ ಬಿಟ್ಟುಬಂದ ಮೂವರು ಸೇರಿ ಕಾಂಪ್ಯಾಕ್ ಎಂಬ ಕಂಪನಿ ಕಟ್ಟಿದರು. ಬಯಾಸ್ ವಿಷಯದಲ್ಲಿ ಅವರು ಹಿಡಿದ ದಾರಿ ಜಾಣತನದ್ದು. ಒಂದು ತಂಡ ಐಬಿಎಂ ಬಯಾಸ್ ಏನೇನು ಕೆಲಸ ಮಾಡುತ್ತದೆ ಎಂದಷ್ಟೇ ಬರೆದಿಡಬೇಕು. ಮೂಲವನ್ನು ಕಣ್ಣಿನಿಂದಲೂ ನೋಡಿರದ ಇನ್ನೊಂದು ತಂಡ ಆ ಪಟ್ಟಿ ಹಿಡಿದು ಹೊಸದಾಗಿ ತಂತ್ರಾಂಶ ಬರೆಯಬೇಕು. ಕದ್ದದ್ದು ಅನ್ನಲು ಬರುವುದಿಲ್ಲ. 1983ರಲ್ಲಿ, ಮೊದಲ ವರ್ಷವೇ, ಕಾಂಪ್ಯಾಕ್ ಸುಮಾರು 53,000 ಯಂತ್ರ ಮಾರಿತು. 1984ರ ಹೊತ್ತಿಗೆ ಫೀನಿಕ್ಸ್ ಎಂಬ ಇನ್ನೊಂದು ಕಂಪನಿ ಅಂಥದೇ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬೀಗ ಮುರಿಯಿತು. ತೈವಾನ್‌ನಲ್ಲಿ 1986ರಲ್ಲಿ ಗಿಗಾಬೈಟ್, ಎಂಎಸ್‌ಐ, 1989ರಲ್ಲಿ ಏಸಸ್ ಹುಟ್ಟಿದವು. ಇವತ್ತು ಅಂಗಡಿಯಲ್ಲಿ ಬೋರ್ಡು ಕೇಳಿದರೆ ಮುಂದಿಡುವ ಡಬ್ಬಿಗಳ ಮೇಲೆ ಇವೇ ಹೆಸರು.

ಐಬಿಎಂ 1987ರಲ್ಲಿ ಪಿಎಸ್/2 ಎಂಬ ಹೊಸ ಯಂತ್ರ ತಂದು ಸ್ಲಾಟನ್ನೇ ಬದಲಿಸಿ ಲೈಸೆನ್ಸ್ ಹಣ ಕೇಳಿತು. ಉಳಿದವರು ಒಪ್ಪಲಿಲ್ಲ, ಮರುವರ್ಷ ಒಂಬತ್ತು ಕಂಪನಿಗಳು ಸೇರಿ ತಮ್ಮದೇ ಮಾದರಿ ಘೋಷಿಸಿದವು. ಕೊನೆಗೆ 2005ರಲ್ಲಿ ಐಬಿಎಂ ತನ್ನ ಪಿಸಿ ವ್ಯಾಪಾರವನ್ನೇ ಚೀನಾದ ಲೆನೊವೊಗೆ ಮಾರಿತು. ಪೇಟೆ ಹುಟ್ಟುಹಾಕಿದವರಿಗೆ ಅದರಲ್ಲಿ ಅಂಗಡಿ ಉಳಿಯಲಿಲ್ಲ.

ಇದೇ ಕಥೆಯಲ್ಲಿ ನಮ್ಮ ಜೇಬಿಗೆ ಸಂಬಂಧಪಟ್ಟ ಇನ್ನೊಂದು ಎಳೆ ಇದೆ. ಒಂದೇ ಕಂಪನಿಯನ್ನು ನೆಚ್ಚಿಕೊಂಡು ಕೂರಲು ಐಬಿಎಂ ಒಪ್ಪಲಿಲ್ಲ. ಹಾಗಾಗಿ ಇಂಟೆಲ್ 1982ರಲ್ಲಿ ಎಎಂಡಿ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಪ್ರೊಸೆಸರನ್ನು ಅವರೂ ತಯಾರಿಸಲು ಬಿಡಬೇಕಾಯಿತು. ಆಮೇಲೆ ಇಬ್ಬರೂ ವರ್ಷಗಟ್ಟಲೆ ಕೋರ್ಟಿಗೆ ಅಲೆದರು, ಅದು ಬೇರೆ ಮಾತು. ಇವತ್ತು ನಾವು ‘ಇಂಟೆಲ್ಲೋ ರೈಜನ್ನೋ’ ಎಂದು ಚೌಕಾಸಿ ಮಾಡಲು ಆಗುತ್ತಿರುವುದು ಆ ಷರತ್ತಿನಿಂದ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು. ಯಾವ ಕಂಪನಿಯ ಬೋರ್ಡಾದರೂ ಯಾವ ಕಂಪನಿಯ ಕ್ಯಾಬಿನೆಟ್ಟಿನಲ್ಲಾದರೂ ಸ್ಕ್ರೂ ತೂತಿಗೆ ಸರಿಯಾಗಿ ಕೂರುವುದು ಅದರ ಕೃಪೆ.

ನಮ್ಮ ದೇಶ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ಸೇರಿತು. ಅದರಂತೆ ಕಂಪ್ಯೂಟರ್ ಭಾಗಗಳ ಆಮದು ಸುಂಕ ಹಂತ ಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಯಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನಲ್ಲಿ ಭಾಗಗಳು ಬಂದು ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಗಳಲ್ಲಿ, ಸೈಬರ್ ಸೆಂಟರುಗಳಲ್ಲಿ ‘ಅಸೆಂಬಲ್ಡ್’ ಯಂತ್ರಗಳಾಗಿ ಕೂತ ಕಾಲ ಅದು. ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಆ ಯಂತ್ರಗಳನ್ನು ಬಿಚ್ಚಿ ಕಟ್ಟಿ ಕಲಿತವರೇ ಇವತ್ತು ಜಿಲ್ಲೆಯ ರಿಪೇರಿ ಅಂಗಡಿಗಳಲ್ಲಿ ಇದ್ದಾರೆ.

ಇನ್ನು ಆಟದ ವಿಷಯ. 1993ರ ಡಿಸೆಂಬರಿನಲ್ಲಿ ಡೂಮ್ ಬಂದಾಗ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರೇ ಮಾಡುತ್ತಿತ್ತು. ಆಡುವವರು ದುಡ್ಡು ಸುರಿಯಬೇಕಿದ್ದದ್ದು ಅದಕ್ಕೇ. 1996ರಲ್ಲಿ 3ಡಿಎಫ್ಎಕ್ಸ್ ಎಂಬ ಕಂಪನಿಯ ವೂಡೂ ಕಾರ್ಡು ಬಂತು. ಅದು ಆಟದ ಮೂರು ಆಯಾಮದ ಚಿತ್ರ ಬಿಟ್ಟು ಬೇರೇನೂ ಮಾಡದು, ಪಕ್ಕದಲ್ಲಿ ಮಾಮೂಲಿ ಕಾರ್ಡು ಒಂದು ಇರಲೇಬೇಕು. ಆದರೂ ಕ್ವೇಕ್ ಆಟವನ್ನು ಅದರಲ್ಲಿ ನೋಡಿದವರಿಗೆ ಹಿಂದಿರುಗುವ ಮನಸ್ಸಾಗಲಿಲ್ಲ. 1999ರಲ್ಲಿ ಎನ್‌ವಿಡಿಯಾ ಜಿಫೋರ್ಸ್ 256 ತಂದು ‘ಜಿಪಿಯು’ ಎಂಬ ಹೆಸರನ್ನು ಚಲಾವಣೆಗೆ ತಂದಿತು. 2000ದ ಕೊನೆಗೆ 3ಡಿಎಫ್ಎಕ್ಸ್‌ನ ಆಸ್ತಿಯನ್ನೂ ಕೊಂಡುಕೊಂಡಿತು. ಅಲ್ಲಿಂದ ಇಲ್ಲಿಯವರೆಗೆ ಆಟದ ಯಂತ್ರದಲ್ಲಿ ಹಿರಿತನ ಗ್ರಾಫಿಕ್ಸ್ ಕಾರ್ಡಿನದು. ನಮ್ಮ ಲೆಕ್ಕದಲ್ಲಿ ಒಟ್ಟು ದುಡ್ಡಿನ ಮೂರರಲ್ಲಿ ಒಂದು ಪಾಲು, ಆದರೆ ಸ್ವಲ್ಪ ಹೆಚ್ಚೇ, ಅದಕ್ಕೆ ಹೋಗಬೇಕು. ದುಬಾರಿ ಪ್ರೊಸೆಸರಿಗೆ ಬಡಕಲು ಕಾರ್ಡು ಕಟ್ಟಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಹೆಸರಿನ ಹಿಂದೆ ಹೋಗಬಾರದು ಎನ್ನುವುದಕ್ಕೆ ಸೆಲೆರಾನ್ 300ಎ ಕಥೆ ಕೇಳಿ. ಇಂಟೆಲ್ 1998ರ ಏಪ್ರಿಲ್‌ನಲ್ಲಿ ಬಡವರ ಪ್ರೊಸೆಸರ್ ಎಂದು ಸೆಲೆರಾನ್ ತಂದಿತು. ಖರ್ಚು ಉಳಿಸಲು ಅದರ ಎರಡನೇ ಹಂತದ ಕ್ಯಾಶ್ ಮೆಮೊರಿಯನ್ನೇ ತೆಗೆದುಹಾಕಿದ್ದರು. ಕ್ಯಾಶ್ ಅಂದರೆ ಅಡುಗೆ ಒಲೆ ಪಕ್ಕದ ಮಸಾಲೆ ಡಬ್ಬಿ ಇದ್ದ ಹಾಗೆ. ಅದಿಲ್ಲದಿದ್ದರೆ ಸಾಸಿವೆಗೂ ಉಗ್ರಾಣಕ್ಕೆ ಓಡಬೇಕು. ಜನ ಬೈದರು. ಆಗಸ್ಟಿನಲ್ಲಿ 300ಎ ಬಂತು, ಬೆಲೆ 149 ಡಾಲರ್. ಈ ಸಲ 128 ಕೆಬಿ ಕ್ಯಾಶ್, ಅದೂ ಪ್ರೊಸೆಸರಿನ ಒಳಗೇ, ಅದರಷ್ಟೇ ವೇಗದಲ್ಲಿ ಓಡುವಂಥದ್ದು. ದುಬಾರಿ ಪೆಂಟಿಯಮ್ 2ರಲ್ಲಿ ಕ್ಯಾಶ್ ದೊಡ್ಡದಿತ್ತು, ಆದರೆ ಅರ್ಧ ವೇಗದ್ದು. ಬೋರ್ಡಿನ ಸೆಟ್ಟಿಂಗಿನಲ್ಲಿ 66 ಇದ್ದದ್ದನ್ನು 100 ಮಾಡಿದರೆ ಎಷ್ಟೋ 300ಎಗಳು 300 ಬಿಟ್ಟು 450 ಮೆಗಾಹರ್ಟ್ಸ್‌ನಲ್ಲಿ ಓಡಿದವು. ಅದೇ ತಿಂಗಳು ಬಂದ, ಹಲವು ಪಟ್ಟು ಬೆಲೆಯ 450ರ ಪೆಂಟಿಯಮ್ 2ಕ್ಕೆ ಆಟಗಳಲ್ಲಿ ಹೆಗಲೆಣೆಯಾಗಿ ನಿಂತವು. ಕಡಿಮೆ ದುಡ್ಡಿನಲ್ಲಿ ಯಂತ್ರ ಕಟ್ಟುವ ಹವ್ಯಾಸಕ್ಕೆ ಅದು ಹಬ್ಬದ ವರ್ಷ.

ಈಗ ಆ ಅರ್ಧ ಬೆಲೆಯ ‘ಐ7’ ಡಬ್ಬಿಗೆ ಬನ್ನಿ. ಐ7 ಎಂಬ ಹೆಸರು 2008ರಿಂದ ಇದೆ. ಯಾವ ತಲೆಮಾರು ಎಂದು ಅಡ್ಡಗೆರೆಯ ನಂತರದ ಅಂಕಿ ಹೇಳುತ್ತದೆ. ಐ7-2600 ಅಂದರೆ ಎರಡನೇ ತಲೆಮಾರು, 2011ರ ಜನವರಿಯದ್ದು. ಐ5-12400 ಅಂದರೆ ಹನ್ನೆರಡನೆಯದು. 2022ರ ಐ3-12100 ಆ ಹಳೆ ಐ7 ಅನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಮೇಲಿನ ಇಂಟೆಲ್‌ಗಳನ್ನು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಹದಿನೈದು ವರ್ಷದ ಹಳೆ ಬೋರ್ಡಿನಲ್ಲಿ ಅದೆಲ್ಲಿ ಬರಬೇಕು? ಆ ಡಬ್ಬಿಗಳಲ್ಲಿ ‘4 ಜಿಬಿ ಗ್ರಾಫಿಕ್ಸ್’ ಎಂದು ಕೂರಿಸುವುದು ಹೆಚ್ಚಾಗಿ 2014ರ ಜಿಟಿ 730. ಅದಕ್ಕೆ ಹಚ್ಚಿರುವ ಡಿಡಿಆರ್3 ಮೆಮೊರಿ ನಿಧಾನದ್ದು. ಗೋಡೌನ್ ದೊಡ್ಡದಿದ್ದ ಮಾತ್ರಕ್ಕೆ ಲಾರಿ ಜೋರಾಗಿ ಓಡುವುದಿಲ್ಲ.

ಬೋರ್ಡು ಆರಿಸುವವರಿಗೆ ಎಎಂಡಿಯ ಎಎಂ4 ಕಥೆ ಉಪಯೋಗಕ್ಕೆ ಬರುತ್ತದೆ. 2017ರ ಮಾರ್ಚ್‌ನಲ್ಲಿ ಮೊದಲ ರೈಜನ್ ಬಂದಾಗ ಬೋರ್ಡು ಕೊಂಡವರಲ್ಲಿ ಅನೇಕರು 2022ರ ರೈಜನ್ 5 5600 ಅನ್ನು ಅದೇ ಬೋರ್ಡಿಗೆ ಹಾಕಿಕೊಂಡರು, ಬಯಾಸ್ ಅಪ್‌ಡೇಟ್ ಮಾಡಿದ್ದಷ್ಟೇ. ಮುಂದೆ ಬರುವ ಪ್ರೊಸೆಸರ್ ಕೂರುವಂಥ ಸಾಕೆಟ್ ಇರುವ ಬೋರ್ಡಿಗೆ ಇವತ್ತು ಸಾವಿರ ಹೆಚ್ಚು ಕೊಟ್ಟರೂ ಅದು ನಷ್ಟವಲ್ಲ.

ಯಾವಾಗ ಕೊಳ್ಳಬೇಕು ಎನ್ನುವುದೂ ದೊಡ್ಡ ಪ್ರಶ್ನೆ. ಕಂಪ್ಯೂಟರ್ ಭಾಗ ದಿನ ಕಳೆದಂತೆ ಅಗ್ಗ ಆಗುತ್ತದೆ ಎಂಬ ನಂಬಿಕೆ ಇದೆ. ಅಡಿಕೆ, ಈರುಳ್ಳಿ ರೇಟು ನೋಡಿದವರು ನಾವು, ಅಷ್ಟು ಸುಲಭಕ್ಕೆ ನಂಬಬಾರದು. 1993ರ ಜುಲೈನಲ್ಲಿ ಜಪಾನಿನ ನೀಹಾಮಾದಲ್ಲಿ ಚಿಪ್ಪಿಗೆ ಬಳಸುವ ಅಂಟಿನ ಕಾರ್ಖಾನೆ ಸ್ಫೋಟಗೊಂಡು ಜಗತ್ತಿನೆಲ್ಲೆಡೆ ರ‍್ಯಾಮ್ ದುಬಾರಿಯಾಯಿತು. 2011ರಲ್ಲಿ ಥಾಯ್ಲೆಂಡಿನ ನೆರೆ ಹಾರ್ಡ್ ಡಿಸ್ಕ್ ಕಾರ್ಖಾನೆಗಳನ್ನು ಮುಳುಗಿಸಿ ಅವುಗಳ ಬೆಲೆ ಜಿಗಿಯಿತು. 2021ರಲ್ಲಿ ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯ ಗಣಿ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಚೀಲಗಟ್ಟಲೆ ಎತ್ತಿಕೊಂಡರು. 329 ಡಾಲರ್ ಎಂದು ಘೋಷಿಸಿದ್ದ ಆರ್‌ಟಿಎಕ್ಸ್ 3060 ಆ ಬೆಲೆಗೆ ಸಿಗುವುದೇ ಅಪರೂಪವಾಯಿತು. 2022ರ ಸೆಪ್ಟೆಂಬರ್ 15ಕ್ಕೆ ಈಥೀರಿಯಮ್ ಆ ಪದ್ಧತಿಯನ್ನೇ ಕೈಬಿಟ್ಟಿತು, ಗಣಿಯಲ್ಲಿ ದುಡಿದು ದಣಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಬಾಚಿಕೊಂಡು ಮತ್ತೆ ರ‍್ಯಾಮ್ ಬೆಲೆ ಏರಿಸಿವೆ.

ಇಂಥ ಕಾಲದಲ್ಲಿ ಎರಡು ಕಂತಿನಲ್ಲಿ ಕಟ್ಟುವುದು ವಾಸಿ. ಈ ದಾರಿ ಸಲೀಸಾದದ್ದು 2018ರ ಫೆಬ್ರವರಿಯಲ್ಲಿ, ಎಎಂಡಿ 99 ಡಾಲರಿಗೆ ರೈಜನ್ 3 2200ಜಿ ತಂದಾಗ. ಪ್ರೊಸೆಸರಿನ ಒಳಗೇ ಆಟಕ್ಕೆ ಆಗುವಷ್ಟು ಗ್ರಾಫಿಕ್ಸ್ ಇತ್ತು. ಅದರ ಜಾತಿಯ ಹೊಸ ಪ್ರೊಸೆಸರುಗಳು ಈಗಲೂ ಸಿಗುತ್ತವೆ. ಮೊದಲು ಅದರಲ್ಲೇ ಸಣ್ಣಪುಟ್ಟ ಆಟ ಆಡಿ, ಕಾರ್ಡಿನ ದುಡ್ಡು ಕೂಡಿದ ಮೇಲೆ ಸ್ಲಾಟಿಗೆ ಕಾರ್ಡು ಕೂರಿಸಿ. ಒಂದೇ ಎಚ್ಚರ: ಇಂಥ ಪ್ರೊಸೆಸರಿಗೆ 16 ಜಿಬಿಯ ಒಂದು ರ‍್ಯಾಮ್ ಹಾಕುವ ಬದಲು 8 ಜಿಬಿಯ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಅದೇ ಮೆಮೊರಿಯನ್ನು ಬಳಸುವುದರಿಂದ ಎರಡು ದಾರಿ ಇದ್ದರೆ ಆಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕಾಸು ಉಳಿಸಲೇಬಾರದ ಭಾಗ ಒಂದಿದೆ, ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಿಯನ್ನು ದಯವಿಟ್ಟು ನೆಚ್ಚಬೇಡಿ. 2000ದ ಆಸುಪಾಸಿನಲ್ಲಿ ಕಳಪೆ ದ್ರವ ತುಂಬಿದ ಕೆಪಾಸಿಟರುಗಳು ಪೇಟೆಗೆ ಬಂದು, ಬೋರ್ಡುಗಳ ಮೇಲೆ, ಎಸ್‌ಎಂಪಿಎಸ್‌ಗಳ ಒಳಗೆ ಉಬ್ಬಿ ಒಡೆದು ಜಗತ್ತಿನಾದ್ಯಂತ ಯಂತ್ರಗಳು ಸತ್ತವು. ಚಿಲ್ಲರೆ ಕಾಸಿನ ಭಾಗ ಇಡೀ ಯಂತ್ರವನ್ನು ಕೊಂದಿತು. ನಮ್ಮ ಹಳ್ಳಿಗಳಲ್ಲಿ ಮೇಲಿನಿಂದ ವೋಲ್ಟೇಜ್ ಕಾಟ ಬೇರೆ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವುದು ನಿಮಗೆ ಗೊತ್ತು. ‘80 ಪ್ಲಸ್’ ಮುದ್ರೆ ಇರುವ, ಹೆಸರುವಾಸಿ ಕಂಪನಿಯ 450 ಇಲ್ಲವೇ 550 ವ್ಯಾಟಿನದು ಸಾಮಾನ್ಯ ಕಾರ್ಡಿಗೆ ಸಾಕು. ಇನ್ವರ್ಟರಿಗೆ ಜೋಡಿಸುವುದಾದರೆ ಅದು ಪ್ಯೂರ್ ಸೈನ್ ವೇವ್‌ನದಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳ ಜೊತೆ ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳದೆ ಯಂತ್ರ ಆಫ್ ಆಗುವುದುಂಟು.

ಬಣ್ಣದ ದೀಪ, ಗಾಜಿನ ಬಾಗಿಲು ಕೊನೆಗೆ ನೋಡಿಕೊಳ್ಳೋಣ. ನಮ್ಮ ಧೂಳಿಗೆ ಮುಂಭಾಗದಲ್ಲಿ ಜಾಲರಿ ಇದ್ದು, ಅದನ್ನು ಬಿಚ್ಚಿ ತೊಳೆಯಲು ಬರುವ ಕ್ಯಾಬಿನೆಟ್ಟೇ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವವರು ಅದನ್ನು ಅಂಗಡಿಯಲ್ಲೇ ಯಂತ್ರಕ್ಕೆ ಹಾಕಿಸಿ, ಅರ್ಧ ಗಂಟೆ ಆಟ ಓಡಿಸಿ, ಫ್ಯಾನ್ ಸದ್ದು ಕೇಳಿ. ಕೊರಿಯರಿನಲ್ಲಿ ತರಿಸಬೇಡಿ. ಹೊಸ ಭಾಗಗಳ ಮೇಲೆ ಶೇ. 18 ಜಿಎಸ್‌ಟಿ ಇದೆ, ‘ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡ್ತೀನಿ’ ಎಂದು ಆಸೆ ತೋರಿಸುವವರು ಸಿಗುತ್ತಾರೆ. ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಪ್ರೊಸೆಸರನ್ನು ಕಂಪನಿಯ ಡಬ್ಬಿಯ ಸಮೇತವೇ ಕೊಳ್ಳಿ. ಡಬ್ಬಿಯದಕ್ಕೆ ಇಂಟೆಲ್, ಎಎಂಡಿ ಎರಡೂ 3 ವರ್ಷ ವಾರಂಟಿ ಕೊಡುತ್ತವೆ. ‘ಟ್ರೇ’ ಎಂದು ಬಿಡಿಯಾಗಿ ಮಾರುವುದಕ್ಕೆ ಕಂಪನಿಯ ಆ ವಾರಂಟಿ ಇರುವುದಿಲ್ಲ, ಅಂಗಡಿಯವರು ಎಷ್ಟು ದಿನ ಹೇಳುತ್ತಾರೋ ಅಷ್ಟೇ.